ಕಾಣದ್ದು ಇಲ್ಲವೆಂದಾಗುವುದು ಯಾವಾಗ?

ಒಂದು ವಸ್ತು ಕಾಣಲಿಲ್ಲ ಎಂದ ಮಾತ್ರಕ್ಕೆ ಅದು ಇಲ್ಲವೆಂದು ಹೇಳಬಹುದೇ? ಕುಮಾರಿಲ ಭಟ್ಟನ ಪಂಥದ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು, ಎಂದರೆ ಕಾಣದಿರುವುದನ್ನು, ಪ್ರಮಾಣವೆಂದೇ ಒಪ್ಪಿದರು; ಆದರೆ ಒಂದು ಕರಾರಿನ ಮೇಲೆ. ಬೆಳಕಿರುವ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲಲ್ಲಿ ಕಾಣದಿದ್ದರೆ ಅದರಿಂದ ಏನೂ ಸಿದ್ಧವಾಗದು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥ ಸ್ಥಿತಿ ಇರಬೇಕು. ಈ ಕರಾರನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಮಕ್ಕಳ ಮೆನಿಂಗೊಕಾಕಸ್ ರೋಗದ ಚರಿತ್ರೆ ತೋರಿಸುತ್ತದೆ.

1887ರಲ್ಲಿ ವಿಯೆನ್ನಾದ ವೈಕ್ಸೆಲ್‌ಬೌಮ್ ಮೆನಿಂಗೊಕಾಕಸ್ ಎಂಬ ಈ ಬ್ಯಾಕ್ಟೀರಿಯಾವನ್ನು ರೋಗಿಗಳ ಬೆನ್ನುಹುರಿಯ ದ್ರವದಲ್ಲಿ ಗುರುತಿಸಿದ. ಅಲ್ಲಿಂದ ಸುಮಾರು ನೂರು ವರ್ಷ, ಪ್ರಯೋಗಾಲಯದ ತಟ್ಟೆಯ ಮೇಲೆ ಅದನ್ನು ಬೆಳೆಸಿ ತೋರಿಸುವುದೇ ದೊಡ್ಡ ಸಾಕ್ಷಿಯಾಗಿತ್ತು. ಆದರೆ ಈ ರೋಗ ಒಂದೇ ದಿನದಲ್ಲಿ ಮಗುವನ್ನು ಕೊಲ್ಲಬಲ್ಲದು. ಗಾಜಿನ ಲೋಟ ಒತ್ತಿದರೂ ಮಾಸದ ಕೆನ್ನೇರಳೆ ಚುಕ್ಕೆ ಮೈಮೇಲೆ ಕಂಡಾಗ ತಟ್ಟೆಯ ಉತ್ತರಕ್ಕೆ ಕಾಯುವುದು ಅಪರಾಧವೇ ಸರಿ. ಆಸ್ಪತ್ರೆಗೆ ಕಳಿಸುವ ಮೊದಲೇ ಪೆನಿಸಿಲಿನ್ ಚುಚ್ಚಿ ಎಂದು 1988ರಲ್ಲಿ ಇಂಗ್ಲೆಂಡಿನ ವೈದ್ಯರಿಗೆ ಸೂಚನೆ ಹೋದದ್ದು ಅದಕ್ಕೇ. ಸೂಚನೆ ಸರಿಯಾಗಿಯೇ ಇತ್ತು. ಆದರೆ ಔಷಧ ರಕ್ತದೊಳಗಿನ ಬ್ಯಾಕ್ಟೀರಿಯಾವನ್ನು ಕೊಂದ ಮೇಲೆ ತಟ್ಟೆಯಲ್ಲಿ ಬೆಳೆಯುವುದೇನು? ರಿಪೋರ್ಟು ‘ನೆಗೆಟಿವ್’ ಎಂದಿತು. ಅದು ಕತ್ತಲಲ್ಲಿ ನೋಡಿ ಹೇಳಿದ ಮಾತು. 1996ರಲ್ಲಿ ಮ್ಯಾಂಚೆಸ್ಟರಿನ ರೆಫರೆನ್ಸ್ ಪ್ರಯೋಗಾಲಯ ಜೀನನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಬಳಸತೊಡಗಿದ ಮೇಲೆ ಸತ್ತ ಬ್ಯಾಕ್ಟೀರಿಯಾದ ಜೀನೂ ಸಾಕ್ಷಿ ಹೇಳಿತು, ದೃಢಪಟ್ಟ ಪ್ರಕರಣಗಳು ಏರಿದವು.

ಸತ್ತ ಬ್ಯಾಕ್ಟೀರಿಯಾದ ಚೂರು ಸಿಕ್ಕರೆ ರೋಗವಿದೆ ಎನ್ನಬಹುದೇ ಎಂದು ಕೇಳುವವರಿದ್ದಾರೆ. ಆರೋಗ್ಯವಂತರಲ್ಲಿಯೂ ಹತ್ತರಲ್ಲೊಬ್ಬರ ಗಂಟಲಲ್ಲಿ ಇದು ಸುಮ್ಮನೆ ಇರುತ್ತದೆ ಎಂಬುದೂ ನಿಜ. ಆದ್ದರಿಂದಲೇ ಗಂಟಲಲ್ಲಿ ಸಿಕ್ಕದ್ದಕ್ಕೆ ತೂಕ ಕಡಿಮೆ. ರಕ್ತದಲ್ಲಿ, ಬೆನ್ನುಹುರಿಯ ದ್ರವದಲ್ಲಿ ಸಿಕ್ಕದ್ದರ ಮಾತೇ ಬೇರೆ, ಅಲ್ಲಿ ಅದಕ್ಕೆ ಜಾಗವೇ ಇಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಉಪಕರಣ ಬದಲಾದಾಗ ಅಂಕಿಯೂ ಬದಲಾಗುವುದಾದರೆ, ರೋಗದ ಸ್ವರೂಪ ಬದಲಾಯಿತು ಎಂಬುದೆಲ್ಲ ನಮ್ಮ ಉಪಕರಣದ ನೆರಳಷ್ಟೇ ಅಲ್ಲವೇ? ನಾನು ಒಪ್ಪುವುದಿಲ್ಲ. 1999ರ ನವೆಂಬರಿನಲ್ಲಿ ಬ್ರಿಟನ್ ಮಕ್ಕಳಿಗೆ ಈ ಬ್ಯಾಕ್ಟೀರಿಯಾದ ಗುಂಪುಗಳಲ್ಲೊಂದಾದ ಸಿ ಗುಂಪಿನ ವಿರುದ್ಧ ಲಸಿಕೆ ಆರಂಭಿಸಿತು. ಕೆಲವೇ ವರ್ಷಗಳಲ್ಲಿ, ಲಸಿಕೆ ಪಡೆದ ವಯಸ್ಸಿನವರಲ್ಲಿ ಸಿ ಗುಂಪಿನ ರೋಗ ಶೇ. 90ಕ್ಕೂ ಹೆಚ್ಚು ಇಳಿಯಿತು. ಬಿ ಗುಂಪಿನಲ್ಲಿ ಅಂಥ ದಿಢೀರ್ ಕುಸಿತ ಇರಲಿಲ್ಲ. ನೋಡಿದ್ದು ಅದೇ ಪ್ರಯೋಗಾಲಯ, ಅದೇ ಪಿಸಿಆರ್. ಅಂಕಿಗಳನ್ನು ಹುಟ್ಟಿಸುವುದು ಉಪಕರಣವೇ ಆಗಿದ್ದರೆ ಎರಡು ಗುಂಪುಗಳೂ ಜೊತೆಯಾಗಿ ಏರಿ ಇಳಿಯಬೇಕಿತ್ತು. 2009ರ ನಂತರ ಅಲ್ಲಿ ಡಬ್ಲ್ಯು ಗುಂಪು ತಲೆಯೆತ್ತಿದ್ದೂ ನಮ್ಮ ನೋಟದ ಭ್ರಮೆಯಲ್ಲ. ಎಷ್ಟು ಕಾಣಬೇಕೆಂಬುದನ್ನು ಉಪಕರಣ ನಿರ್ಧರಿಸುತ್ತದೆ, ಇರುವುದನ್ನಲ್ಲ.

ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಮೆನಿಂಗೊಕಾಕಸ್ ಲಸಿಕೆ ಇಲ್ಲ. ಇಲ್ಲಿ ಈ ರೋಗ ವಿರಳ ಎನ್ನುವ ಮಾತು ಕೇಳಿಬರುತ್ತದೆ. ಅದು ನಿಜವೂ ಇರಬಹುದು. ಆದರೆ ಜ್ವರದ ಮಗು ಎಲ್ಲೋ ಆ್ಯಂಟಿಬಯಾಟಿಕ್ ಪಡೆದೇ ದೊಡ್ಡಾಸ್ಪತ್ರೆಗೆ ಬರುವುದು ಸಾಮಾನ್ಯವಾಗಿರುವಲ್ಲಿ, ಖಾಲಿ ತಟ್ಟೆಯನ್ನು ನಂಬಿ ಹಾಗೆ ಹೇಳಲಾಗದು. ಕಲ್ಚರ್ ನೆಗೆಟಿವ್ ಎಂದು ಬರೆಯುವ ಪ್ರತಿ ರಿಪೋರ್ಟಿನಲ್ಲಿ ಮೊದಲ ಡೋಸು ಎಷ್ಟು ಹೊತ್ತಿಗೆ ಬಿದ್ದಿತ್ತು ಎಂಬುದೂ ನಮೂದಾಗಲಿ. ಜಿಲ್ಲಾಸ್ಪತ್ರೆಯ ಮಗುವಿನ ರಕ್ತಕ್ಕೂ ಪಿಸಿಆರ್ ಪರೀಕ್ಷೆ ಸಿಗುವಂತಾಗಲಿ.