ಓಲೆ ಯಾರ ಸೊತ್ತು?

ನಮ್ಮ ಮನೆಯ ಅಟ್ಟದಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಎರಡು ಕಟ್ಟು ತಾಳೆಯೋಲೆಗಳಿವೆ. ನನ್ನ ಬಾಲ್ಯದಲ್ಲಿ ಅವು ಮೂರಿದ್ದವು. ಒಂದನ್ನು ವಿದ್ವಾಂಸರೊಬ್ಬರು ‘ನಕಲು ಮಾಡಿ ತಂದುಕೊಡುತ್ತೇನೆ’ ಎಂದು ಒಯ್ದರು. ಅಜ್ಜ ತೀರಿಹೋಗುವ ತನಕ ಅದರ ದಾರಿ ಕಾದರು. ಅದು ಬರಲೇ ಇಲ್ಲ.

ಕಳೆದ ನವರಾತ್ರಿಯಲ್ಲಿ ಪೂಜೆಗಿಟ್ಟ ಈ ಕಟ್ಟುಗಳನ್ನು ನೋಡಿ ಮೊಮ್ಮಗಳು ಹೇಳಿದಳು: “ಅಜ್ಜ, ಇದರ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕುವ. ಗೆದ್ದಲು ಹಿಡಿದರೆ ಮತ್ತೆ ಏನುಂಟು?” ನಾನು ಸುಮ್ಮನಾದೆ. ಒಂದು ಕಟ್ಟಿನಲ್ಲಿ ಮದ್ದಿನ ವಿವರ, ಇನ್ನೊಂದರಲ್ಲಿ ಮಂತ್ರ ಎಂದು ಅಜ್ಜ ಹೇಳುತ್ತಿದ್ದರು. ಮಂತ್ರದ್ದನ್ನು ಅನ್ಯರಿಗೆ ತೋರಿಸಕೂಡದು ಎಂದೂ ಹೇಳಿದ್ದರು. ಕಾಪಾಡಬೇಕಾದದ್ದು ಓಲೆಯನ್ನೋ, ಅಜ್ಜನ ಮಾತನ್ನೋ?

ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಎದುರಿಸಿದವರು ಇಂಡೋನೇಷ್ಯದ ಬಾಲಿ ದ್ವೀಪದವರು. ಅಲ್ಲಿ ಓಲೆಗ್ರಂಥಕ್ಕೆ ‘ಲೊಂತಾರ್’ ಎಂದು ಹೆಸರು. ‘ರೊನ್’ ಎಂದರೆ ಎಲೆ, ‘ತಾಲ್’ ಎಂದರೆ ನಮ್ಮ ತಾಳೆಯೇ. ಚೂಪಾದ ಚೂರಿಯಿಂದ ಕೊರೆದು, ಸುಟ್ಟ ಕಾಯಿಯ ಮಸಿ ಉಜ್ಜಿ ಅಕ್ಷರ ಕಾಣಿಸುತ್ತಾರೆ. ಮದ್ದಿನ ಓಲೆಗೆ ‘ಉಸದ’ ಎನ್ನುತ್ತಾರೆ; ಅದು ನಮ್ಮ ‘ಔಷಧ’ವೇ. 210 ದಿನಗಳಿಗೊಮ್ಮೆ ಬರುವ ಸರಸ್ವತಿಯ ಹಬ್ಬದಂದು ಓಲೆಗಳನ್ನು ಹೊರತೆಗೆದು ಎಡೆಯಿಡುತ್ತಾರೆ. ಪೂಜೆಗಿಟ್ಟ ಪುಸ್ತಕವನ್ನು ಓದದ ನಮ್ಮಂತೆ, ಪೂಜೆ ಮುಗಿಯುವ ತನಕ ಅವರೂ ಓದುವುದಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಹಬ್ಬ ಕಳೆದ ಮೇಲೂ ಓದುವವರಿರಲಿಲ್ಲ. ಹಿರಿಯರ ಸೊತ್ತು, ಮುಟ್ಟಿದರೆ ದೋಷ ಎಂಬ ಭಯದಲ್ಲಿ ಓಲೆಗಳು ಕಟ್ಟಿನೊಳಗೇ ಪುಡಿಯಾದವು.

ಹೊರಗಿನವರ ಕೈಗೆ ಹೋದವುಗಳ ಕಥೆ ಬೇರೆ. 1894ರಲ್ಲಿ ಡಚ್ಚರ ಸೈನ್ಯ ಲೊಂಬೊಕ್ ದ್ವೀಪದಲ್ಲಿ ಬಾಲಿ ಮನೆತನದ ಅರಸನ ಅರಮನೆಯನ್ನು ನಾಶಮಾಡಿತು. ಜೊತೆಗಿದ್ದ ಬ್ರಾಂಡೆಸ್ ಎಂಬ ಪಂಡಿತ ಅಲ್ಲಿನ ಗ್ರಂಥಗಳನ್ನು ಉಳಿಸಿದ. 1365ರಲ್ಲಿ ಪ್ರಪಂಚ ಎಂಬ ಕವಿ ಬರೆದ ‘ನಾಗರಕೃತಾಗಮ’ದ ಪ್ರತಿ ಹೊರಲೋಕಕ್ಕೆ ತಿಳಿದದ್ದು ಹೀಗೆ. ಅದು ಹಾಲೆಂಡಿನ ಲೈಡನ್ನಿಗೆ ಹೋಗಿ, 1970ರ ದಶಕದಲ್ಲಷ್ಟೇ ಇಂಡೋನೇಷ್ಯಕ್ಕೆ ಮರಳಿತು. ಮನೆಗೆ ಬೆಂಕಿಯಿಟ್ಟವರ ಸಂಗಡ ಬಂದವನೇ ಪೆಟ್ಟಿಗೆಯನ್ನು ಉಳಿಸಿದರೆ ಅವನಿಗೆ ಕೃತಜ್ಞತೆ ಹೇಳಬೇಕೇ? ನನಗೆ ಇಂದಿಗೂ ತೋಚುವುದಿಲ್ಲ. ಗ್ರಂಥ ಉಳಿಯಿತು ನಿಜ. ಆದರೆ ಹಿಂದೆ ಬರಲು ಮುಕ್ಕಾಲು ಶತಮಾನ ಬೇಕಾಯಿತು.

ಹಾಡಿನದೂ ಅದೇ ಕಥೆ. 1928ರಲ್ಲಿ ಓಡಿಯೋನ್, ಬೆಕಾ ಎಂಬ ಜರ್ಮನ್ ಕಂಪೆನಿಗಳು ಬಾಲಿಯ ಗಮೆಲಾನ್ ವಾದ್ಯಮೇಳವನ್ನು ಗ್ರಾಮಫೋನ್ ತಟ್ಟೆಗಳಿಗೆ ಇಳಿಸಿದವು. ತಟ್ಟೆಗಳು ದೇಶದೇಶಗಳ ಸಂಗ್ರಹಗಳಿಗೆ ಚದರಿಹೋದವು. ನಮ್ಮ ಕಾಲದಲ್ಲಿ ಎಡ್ವರ್ಡ್ ಹರ್ಬ್‌ಸ್ಟ್ ಎಂಬ ಸಂಗೀತ ಸಂಶೋಧಕರು ಬಾಲಿಯ ಕಲಾವಿದರ ಜೊತೆಗೂಡಿ ಅವನ್ನು ಹುಡುಕಿ, ಧ್ವನಿಯನ್ನು ಡಿಜಿಟಲ್ ರೂಪಕ್ಕೆ ತಂದು, ಊರಿಗೇ ಮುಟ್ಟಿಸಿದರು. ಹಳ್ಳಿಹಳ್ಳಿಗೆ ಹೋಗಿ ವೃದ್ಧ ಕಲಾವಿದರಿಗೆ ಕೇಳಿಸಿ, ಇದು ಯಾರ ಕಂಠ, ಯಾವ ಊರಿನ ಪದ್ಧತಿ ಎಂದು ವಿಚಾರಿಸಿದರು. ಯಂತ್ರ ಸದ್ದನ್ನು ಉಳಿಸಿತು. ಅದರ ಹೆಸರನ್ನು ಊರಿನವರೇ ಹೇಳಬೇಕಾಯಿತು.

ಓಲೆಗಳ ವಿಷಯದಲ್ಲಿಯೂ ಹಾಗೆಯೇ. 2011ರಿಂದ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯ ಮೂಲಕ ಬಾಲಿಯ ಸಾವಿರಾರು ಓಲೆಗಳ ಚಿತ್ರಗಳು ಎಲ್ಲರಿಗೂ ಸಿಗುವಂತಾದವು. ಆದರೆ ಚಿತ್ರವನ್ನು ನೋಡಬಹುದು, ಅದರೊಳಗಿನ ಮಾತನ್ನು ಹುಡುಕಲಾಗದು. ಬಾಲಿ ಲಿಪಿ 2006ರಲ್ಲಿಯೇ ಯೂನಿಕೋಡ್ ಸೇರಿದ್ದರಿಂದ ಅಲ್ಲಿನವರೇ ಕುಳಿತು ಒಂದೊಂದೇ ಓಲೆಯನ್ನು ಅಕ್ಷರಕ್ಕಿಳಿಸತೊಡಗಿದರು. ಈಗ ಹಳ್ಳಿಗಳಲ್ಲಿ ಸರಕಾರ ನೇಮಿಸಿದ ಭಾಷಾ ಕಾರ್ಯಕರ್ತರು ಮನೆಮನೆಗೆ ಹೋಗಿ, ಮನೆಯವರ ಮುಂದೆಯೇ ಕಟ್ಟು ಬಿಚ್ಚಿ, ಮಜ್ಜಿಗೆಹುಲ್ಲಿನ ಎಣ್ಣೆಯಿಂದ ಒರಸಿ, ಪಟ್ಟಿ ಮಾಡಿ, ಅಲ್ಲೇ ಬಿಟ್ಟುಬರುತ್ತಾರೆ. ‘ಅಲ್ಲೇ ಬಿಟ್ಟು’ ಎಂಬ ಮಾತು ನನ್ನ ಅಜ್ಜನಿಗೆ ಎಷ್ಟು ಸಮಾಧಾನ ಕೊಡುತ್ತಿತ್ತೋ!

ಇನ್ನು ಗುಟ್ಟಿನ ಮಾತು. ಬಾಲಿಯಲ್ಲಿಯೂ ‘ಅಜ ವೆರ’ ಎಂಬ ಕಟ್ಟಳೆಯಿದೆ. ಬಯಲು ಮಾಡಬೇಡ ಎಂದರ್ಥ. ಇದು ಕಲಿಯಬೇಡ ಎಂಬ ನಿಷೇಧವಲ್ಲ, ಅರೆಬರೆ ತಿಳಿದು ಆಡಬೇಡ ಎಂಬ ಎಚ್ಚರ ಎಂದು ಅಲ್ಲಿನ ಹಲವರು ಇಂದು ವಿವರಿಸುತ್ತಾರೆ. ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಅಜ್ಜನ ಗುಟ್ಟನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಆದರೆ ನನಗೆ ಆ ಲಿಪಿಯೇ ಬರುವುದಿಲ್ಲ! ಓದಲಾರದವನು ಯಾವ ಗುಟ್ಟನ್ನು ಕಾದಾನು? ನಾನು ಕಾಯುತ್ತಿದ್ದದ್ದು ನನ್ನ ಅಜ್ಞಾನವನ್ನು.

ಓದುವವರಿದ್ದರೆ ಏನಾಗುತ್ತದೆಂದು ನಮ್ಮ ನಾಡಿನಲ್ಲೇ ಕಂಡಿದ್ದೇವೆ. ವೆಂಕಟರಾಜ ಪುಣಿಂಚತ್ತಾಯರು ಓಲೆಗಳನ್ನು ಓದಿ ತುಳುವಿನ ‘ಶ್ರೀ ಭಾಗವತೊ’ವನ್ನು ಬೆಳಕಿಗೆ ತಂದರು. ಮಲಯಾಳ ಲಿಪಿಗೆ ಹತ್ತಿರದ ಬಂಧುವಾದ ಆ ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್ ಸೇರಿದೆ. ಕನ್ನಡದವರೂ ಮಲಯಾಳದವರೂ ಒಟ್ಟಿಗೆ ಕುಳಿತು ಕಲಿಯಬಹುದಾದ ಅಕ್ಷರಗಳವು.

ಮೊಮ್ಮಗಳಿಗೆ ಈಗ ಉತ್ತರ ಕೊಟ್ಟಿದ್ದೇನೆ. ಎರಡೂ ಕಟ್ಟುಗಳ ಫೋಟೋ ನಮ್ಮ ಚಾವಡಿಯಲ್ಲೇ ತೆಗೆಯುವುದು. ಮದ್ದಿನದ್ದನ್ನು, ಊರಿನ ಹೆಸರು ಸೇರಿಸಿ, ಎಲ್ಲರಿಗೂ ಕೊಡುವುದು. ಮಂತ್ರದ ಚಿತ್ರಗಳು ಸದ್ಯಕ್ಕೆ ಮನೆಯಲ್ಲಿಯೇ ಇರಲಿ. ಅದನ್ನು ಓದಬಲ್ಲವರು ನಮ್ಮಲ್ಲಿ ಒಬ್ಬರಾದರೂ ಆದ ಮೇಲೆ ಅವರೇ ತೀರ್ಮಾನಿಸಲಿ. ಅಜ್ಜ ಇದಕ್ಕೆ ಒಪ್ಪುತ್ತಿದ್ದರೋ ಇಲ್ಲವೋ, ಹೇಳಲಾರೆ. ಈ ವಿಜಯದಶಮಿಗೆ, ಎಪ್ಪತ್ತು ದಾಟಿದ ನಾನೂ ಮೊಮ್ಮಗಳೂ ಒಂದೇ ಮಣೆಯ ಮುಂದೆ ಕುಳಿತು ಆ ಲಿಪಿಯ ‘ಅ’ ತಿದ್ದುವುದೆಂದು ನಿಶ್ಚಯವಾಗಿದೆ.