ಮೊನೆ ಮತ್ತು ಹದ

ಬಾದಾಮಿಯ ಮರಳುಗಲ್ಲೂ ಕೆಂಪು, ಇಳಕಲ್ಲಿನ ಗ್ರಾನೈಟೂ ಕೆಂಪು. ಬಣ್ಣ ನೋಡಿ ಉಳಿ ಎತ್ತಿಕೊಂಡವನು ಮೊದಲ ಏಟಿಗೇ ಸೋತ.

ಮರಳುಗಲ್ಲಿನ ಒಂದೊಂದು ಕಣವೂ ಸಾಮಾನ್ಯ ಉಕ್ಕಿಗಿಂತ ಗಟ್ಟಿ. ಆದರೂ ಕಲ್ಲು ಮಣಿಯುತ್ತದೆ. ಏಟಿಗೆ ಸೋಲುವುದು ಕಣಗಳ ನಡುವಿನ ಬೆಸುಗೆ.

ಗ್ರಾನೈಟಿನಲ್ಲಿ ಹರಳು ಹರಳನ್ನು ಕಚ್ಚಿ ಹಿಡಿದಿರುತ್ತದೆ. ಅಲ್ಲಿ ಉಳಿ ನೆಟ್ಟಗೆ ನಿಂತು ಹುಡಿ ಮಾಡಬೇಕು. ಮರಳುಗಲ್ಲಿನ ಮೇಲೆ ಓರೆಯಾಗಿ ಸಾಗಿ ಸುಲಿಯಬೇಕು. ಹಿಡಿಯುವ ಓರೆಯೇ ಅರ್ಧ ಉಳಿ.

ಮರದ ಕೊಡತಿ ಪೆಟ್ಟಿನ ಒಂದು ಪಾಲನ್ನು ತಾನೇ ನುಂಗಿ, ಉಳಿದದ್ದನ್ನಷ್ಟೇ ಉಳಿಗೆ ಕೊಡುತ್ತದೆ. ಕಬ್ಬಿಣದ ಸುತ್ತಿಗೆ ಏನನ್ನೂ ಇಟ್ಟುಕೊಳ್ಳದು. ಮೆದುಗಲ್ಲಿನಲ್ಲಿ ಕಣ್ರೆಪ್ಪೆ ತಿದ್ದುವಾಗ ಕೊಡತಿಯ ಆ ಜಿಪುಣತನವೇ ಮೂರ್ತಿಯನ್ನು ಕಾಯುತ್ತದೆ.

ಸುತ್ತಿಗೆಯ ತೂಕವನ್ನು ಸಂಜೆಯ ತೋಳಿನಿಂದ ಅಳೆಯಬೇಕು. ಬೆಳಗಿಗೆ ಎಲ್ಲವೂ ಹಗುರ.

ಗಡುಸು ಹೆಚ್ಚಾದ ಮೊನೆ ಸಿಡಿಯುತ್ತದೆ; ಸಾಲದ ಮೊನೆ ಮಡಚಿಕೊಳ್ಳುತ್ತದೆ. ಕಾದ ತುದಿಯಷ್ಟನ್ನೇ ನೀರಿಗದ್ದಿ ತೆಗೆದಾಗ ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಹರಿಯುತ್ತದೆ, ಮೆಲ್ಲಗೆ ನೀಲಿಗೆ ತಿರುಗುತ್ತದೆ. ಆ ನಡುವೆ ಎಲ್ಲೋ ಹದದ ಗಳಿಗೆ. ಕಮ್ಮಾರನ ವಿದ್ಯೆಯೆಲ್ಲ ಅದನ್ನು ನೀರಿನಲ್ಲಿ ನಿಲ್ಲಿಸುವುದರಲ್ಲಿದೆ.

ಉಳಿಯ ಮೊನೆ ಗಡುಸಿರಬೇಕು, ತಲೆ ಮೆತ್ತಗಿರಬೇಕು. ತಲೆಯೂ ಗಡುಸಾದ ಉಳಿ ಚೂರು ಹಾರಿಸಿ ಕುಟ್ಟುವವನ ಕಣ್ಣಿಗೇ ಎರವಾಗುತ್ತದೆ.

ಬಾದಾಮಿಯ ಮೂರನೆಯ ಗುಹೆಯನ್ನು ಬೆಟ್ಟದಲ್ಲೇ ಕೊರೆದದ್ದು; ಅದರ ಶಾಸನ ಕ್ರಿ.ಶ. 578ರದು. ಕಟ್ಟುವ ಗುಡಿಯಲ್ಲಿ ಒಡೆದ ಕಲ್ಲಿಗೆ ಬೇರೆ ಕಲ್ಲುಂಟು. ಕೊರೆಯುವ ಗುಹೆಗೆ ಬೆಟ್ಟ ಒಂದೇ. ದೊಡ್ಡ ಉಳಿಯನ್ನು ಯಾವಾಗ ಕೆಳಗಿಡಬೇಕು ಎಂಬುದು ಅಲ್ಲಿ ಕೈಚಳಕಕ್ಕಿಂತ ದೊಡ್ಡ ವಿದ್ಯೆ.

ಮುಗಿದ ಶಿಲ್ಪ ಉಳಿಯನ್ನು ಮರೆಸುತ್ತದೆ. ಪಟ್ಟದಕಲ್ಲಿನ ಸಂಗಮೇಶ್ವರ ಗುಡಿಯಲ್ಲಿ ಕೆಲವು ಮೂರ್ತಿಗಳು ಅರೆಗೆತ್ತನೆಯಲ್ಲೇ ನಿಂತಿವೆ. ಕಲಿಯಬಂದವನು ಅವುಗಳ ಮುಂದೆ ಹೆಚ್ಚು ಹೊತ್ತು ನಿಲ್ಲಲಿ.

ಅದೇ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಶಿಲ್ಪಿ ಗುಂಡ ಅನಿವಾರಿತಾಚಾರಿಗೆ ತ್ರಿಭುವನಾಚಾರಿ ಎಂಬ ಬಿರುದು ಸಂದಿತು. ಮೂರು ಲೋಕದ ಆಚಾರಿಯೂ ಮೊನೆ ಮೊಂಡಾದಾಗ ಕುಲುಮೆಯ ಮುಂದೆ ಕಾಯಲೇಬೇಕು.

ಇಳಕಲ್ಲಿನ ಗಣಿಯಲ್ಲಿ ವಜ್ರದ ತಂತಿ ಬಂಡೆಯನ್ನು ನೇರವಾಗಿ ಸೀಳುತ್ತದೆ. ನೇರ ಗೆರೆ ಅದಕ್ಕೆ ಸುಲಭ. ಕೆನ್ನೆಯ ಉಬ್ಬು ಈಗಲೂ ಕೈಯ ಕೆಲಸ.

ಕಾರ್ಬೈಡ್ ತುದಿಯ ಉಳಿಗೆ ಕುಲುಮೆಯ ಹಂಗಿಲ್ಲ, ಸಾಣೆಚಕ್ರಕ್ಕೆ ಹಿಡಿದರಾಯಿತು. ಗ್ರಾನೈಟಿನ ಮೇಲೆ ಅದು ವರವೇ, ಅನುಮಾನವಿಲ್ಲ. ಆದರೆ ಕಾದ ಉಕ್ಕಿನ ಬಣ್ಣ ಓದಬಲ್ಲ ಹಿರಿಯರು ಇರುವಾಗಲೇ ಇಳಕಲ್-ಹುನಗುಂದ ಸೀಮೆಯ ಹುಡುಗರನ್ನು ತಿದಿಯ ಪಕ್ಕ ಕೂರಿಸಬೇಕು.