ಮೂರನೇ ದಿನ ನಡುಗಿದವರು, ನಲವತ್ತೆರಡನೇ ದಿನ ನಕ್ಕವರು

 

ಮಾಲೆ ಹಾಕೋ ದಿನ ಹತ್ತಿರ ಬಂತು. ಇನ್ನೇನು ನಮ್ಮ ಹುಡುಗರ ಮೆಸೇಜ್ ಶುರುವಾಗುತ್ತೆ: "ಸ್ವಾಮಿ, ಮಾಲೆ ತೆಗೆದ ದಿನ ಎಲ್ಲಿ ಸೇರೋದು?" ಒಬ್ಬರು ಬಾಟಲಿ ಚಿತ್ರ ಹಾಕ್ತಾರೆ, ಹತ್ತು ಜನ ನಗ್ತಾರೆ. ಎರಡು ವರ್ಷ ನಾನೂ ಅದಕ್ಕೆ ನಗುವ ಇಮೋಜಿ ಒತ್ತಿದ್ದೀನಿ. ಕಳೆದ ವರ್ಷ ನಡೆದ ಒಂದು ವಿಷಯ ಆದಮೇಲೆ ಒತ್ತೋಕೆ ಕೈ ಬರ್ತಿಲ್ಲ. ಯಾಕೆ ಅಂತ ಬರೀಬೇಕು ಅಂದ್ಕೊಂಡು ತುಂಬಾ ದಿನ ಆಯ್ತು.

ಕಳೆದ ಸಲ ನಮ್ಮ ತಂಡದಲ್ಲಿ ಒಬ್ಬರು ಕನ್ನಿಸ್ವಾಮಿ ಇದ್ದರು. ಹೆಸರು ಬೇಡ, ಅವರನ್ನ ಕೇಳಿಯೇ ಬರೀತಿದ್ದೀನಿ. ಉತ್ತರ ಕರ್ನಾಟಕದ ಕಡೆಯವರು, ಇಲ್ಲಿ ನವಿ ಮುಂಬೈಲಿ ಒಂದು ಕ್ಯಾಂಟೀನ್ ಅಡುಗೆಮನೇಲಿ ಕೆಲಸ. ಹತ್ತು ವರ್ಷದಿಂದ ರಾತ್ರಿ ಕುಡಿತ, ಒಂದು ವರ್ಷದಿಂದ ಬೆಳಗ್ಗೆ ಕೈ ನಡುಗುತ್ತೆ ಅಂತ ಬೆಳಗ್ಗೇನೂ ಸ್ವಲ್ಪ. ಮನೆಯವರು ಅತ್ತು ಕರೆದ ಮೇಲೆ ಮಾಲೆ ಹಾಕಿಕೊಂಡರು. ಹಿಂದಿನ ರಾತ್ರಿವರೆಗೂ ಕುಡಿದು, ಬೆಳಗ್ಗೆ ತಣ್ಣೀರು ಸ್ನಾನ ಮಾಡಿ, ಕಪ್ಪು ಬಟ್ಟೆ ಉಟ್ಟು, ಒಂದೇ ಸಲ ನಿಲ್ಲಿಸಿಬಿಟ್ಟರು. ನಾವೆಲ್ಲ ಮೆಚ್ಚಿದೆವು. "ಇದು ಸ್ವಾಮಿ ಸಂಕಲ್ಪ ಅಂದ್ರೆ" ಅಂದವನು ನಾನೇ.

ಅವತ್ತು ಸಂಜೆ ಪೂಜೆಗೆ ಬಂದಾಗ ಮೈಯೆಲ್ಲ ಬೆವರು. ಎರಡನೇ ರಾತ್ರಿ ನಿದ್ದೆ ಇಲ್ಲ, ಕೈ ನಡುಕ, ಎದೆ ಬಡಿತ. ಮೂರನೇ ದಿನ ಗೋಡೆ ಮೇಲೆ ಹುಳ ಹರಿದಾಡ್ತಿದೆ ಅಂತ ಒರೆಸೋಕೆ ಶುರು ಮಾಡಿದರು. ಆಮೇಲೆ ಫಿಟ್ಸ್ ಬಂತು. ಆಟೋದಲ್ಲಿ ಹಾಕಿಕೊಂಡು ಹೋಗುವಾಗ ನಮ್ಮಲ್ಲೇ ಒಬ್ಬರು ಮೆಲ್ಲಗೆ, "ವ್ರತದಲ್ಲಿ ಎಲ್ಲೋ ಅಪಚಾರ ಆಗಿದೆ, ಕದ್ದು ಕುಡಿದಿರಬೇಕು" ಅಂದರು.

ನಿಜ ಉಲ್ಟಾ ಇತ್ತು. ಅವರು ಒಂದು ತೊಟ್ಟೂ ಕುಡಿದಿರಲಿಲ್ಲ. ಕುಡಿಯದೇ ಇದ್ದದ್ದಕ್ಕೇ ಹಾಗಾಯ್ತು.

ಡಾಕ್ಟರ್ ನಮಗೆ ಹೇಳಿದ್ದು ನನಗೆ ಅರ್ಥ ಆದ ಹಾಗೆ ಹೇಳ್ತೀನಿ. ಮೆದುಳಲ್ಲಿ ಶಾಂತ ಮಾಡೋ ರಾಸಾಯನಿಕ ಒಂದಿದೆ, ಗಾಬಾ ಅಂತ. ಚುರುಕು ಮಾಡೋದು ಇನ್ನೊಂದು, ಗ್ಲುಟಮೇಟ್. ಹೆಂಡ ಮೊದಲನೆಯದರ ಕೆಲಸ ಜೋರು ಮಾಡುತ್ತೆ, ಎರಡನೆಯದನ್ನ ತಗ್ಗಿಸುತ್ತೆ. ಅದಕ್ಕೇ ಕುಡಿದಾಗ ಹಗುರ ಅನಿಸೋದು. ಆದರೆ ವರ್ಷಗಟ್ಟಲೆ ದಿನಾ ಹೀಗೆ ಮಾಡಿದರೆ ಮೆದುಳು ಸುಮ್ಮನೆ ಕೂರಲ್ಲ, ಸಮ ಮಾಡ್ಕೊಳ್ಳೋಕೆ ತನ್ನ ಕಡೆಯಿಂದ ಚುರುಕು ಹೆಚ್ಚಿಸಿಕೊಳ್ಳುತ್ತೆ. ಬ್ರೇಕ್ ಮೇಲೆ ಕಾಲಿಟ್ಟೇ ಆಕ್ಸಿಲರೇಟರ್ ಒತ್ತಿದ ಹಾಗೆ. ಒಂದು ದಿನ ತಟ್ಟನೆ ಬ್ರೇಕ್ ತೆಗೆದರೆ ಗಾಡಿ ನುಗ್ಗುತ್ತೆ. ಕೆಲವು ಗಂಟೆಯಲ್ಲೇ ನಡುಕ, ಮೊದಲ ಎರಡು ದಿನದ ಸುಮಾರಿಗೆ ಫಿಟ್ಸ್, ಎರಡು ಮೂರು ದಿನದ ಹೊತ್ತಿಗೆ ಕೆಲವರಿಗೆ ಭ್ರಮೆ, ಜ್ವರ, ಗೊಂದಲ. ಈ ಕೊನೆಯದಕ್ಕೆ ಚಿಕಿತ್ಸೆ ಇಲ್ಲದಿದ್ದರೆ ಜೀವ ಹೋಗಬಹುದು. ನಿದ್ದೆಗೆ, ಆತಂಕಕ್ಕೆ ಅಂತ ತಗೊಳ್ಳೋ ಆಲ್ಪ್ರಾಜೊಲಾಮ್ ತರಹದ ಮಾತ್ರೆಗಳೂ ಇದೇ ಜಾತಿ. ನೈಟ್ ಶಿಫ್ಟ್ ಮಾಡೋ ನಮ್ಮ ಹುಡುಗರಲ್ಲಿ ಚೀಟಿ ಇಲ್ಲದೇ ಅದನ್ನ ನುಂಗೋರು ಇದ್ದಾರೆ. ಅದನ್ನೂ ತಿಂಗಳುಗಟ್ಟಲೆ ತಗೊಂಡವರು ಒಂದೇ ದಿನಕ್ಕೆ ನಿಲ್ಲಿಸಬಾರದು.

ಎಲ್ಲ ನಶೆಯೂ ಹೀಗೇ ಹಿಡಿಯಲ್ಲ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ "ದುಶ್ಚಟ" ಅಂತ ಬರೆದಿಡ್ತೀವಿ, ಅಲ್ಲೇ ನಮ್ಮ ತಪ್ಪು ಶುರು.

ಸಿಗರೇಟು, ಗುಟ್ಕಾ, ಖೈನಿಯ ನಿಕೋಟಿನ್ ಚುರುಕು ಮಾಡೋ ಗುಂಪಿನದು. ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಲ್ಲಿ ಮೆದುಳು ಮುಟ್ಟುತ್ತೆ, ಒಂದೆರಡು ಗಂಟೆಯಲ್ಲಿ ಅರ್ಧ ಇಳಿದು ಮತ್ತೆ ಕೇಳುತ್ತೆ. ಬಿಟ್ಟವರಿಗೆ ಎರಡನೇ ಮೂರನೇ ದಿನ ಸಿಟ್ಟು, ಚಡಪಡಿಕೆ ತುದಿಗೇರುತ್ತೆ, ಎರಡರಿಂದ ನಾಲ್ಕು ವಾರದಲ್ಲಿ ಬಹಳಷ್ಟು ಇಳಿಯುತ್ತೆ. ಕಷ್ಟ, ಆದರೆ ಬಿಟ್ಟಿದ್ದಕ್ಕೆ ಯಾರೂ ಸಾಯಲ್ಲ. ನಾನು ದಿನಕ್ಕೆ ಎಂಟು ಸೇದ್ತಿದ್ದವನು ಮಾಲೆ ಹಾಕಿದ ದಿನವೇ ನಿಲ್ಲಿಸಿದ್ದೆ. ಅದನ್ನ ನನ್ನ ಭಕ್ತಿ ಅಂದ್ಕೊಂಡು ಬೀಗಿದ್ದೆ ಬೇರೆ. ನನಗೆ ಬಂದದ್ದು ನಾಲ್ಕು ದಿನದ ತಲೆನೋವು, ಆಫೀಸಲ್ಲಿ ಎರಡು ಜಗಳ. ಅವರಿಗೆ ಬಂದದ್ದು ಫಿಟ್ಸ್. ಇಬ್ಬರ ಕೊರಳಲ್ಲೂ ಅದೇ ತುಳಸಿ ಮಾಲೆ.

ಎಂಡಿ ಅಂತ ಮುಂಬೈಲಿ ಕರೆಯೋ ಮೆಫೆಡ್ರೋನ್ ಕೂಡ ಚುರುಕಿನ ಗುಂಪೇ, ಆದರೆ ಬೇರೆ ಲೆವೆಲ್. ನಿದ್ದೆ ಹಸಿವು ಹೋಗುತ್ತೆ, ಹೃದಯ ಓಡುತ್ತೆ, ಮೈ ಕಾಯುತ್ತೆ, ಇಳಿದಾಗ ಮನಸ್ಸು ಪಾತಾಳಕ್ಕೆ. ಎಲ್‌ಎಸ್‌ಡಿ ಇದ್ದದ್ದನ್ನ ಬೇರೆ ಥರ ತೋರಿಸುತ್ತೆ, ಇಲ್ಲದ್ದನ್ನೂ ತೋರಿಸುತ್ತೆ. ವೈಟ್ನರ್, ಪೆಟ್ರೋಲ್ ಮೂಸೋ ಮಕ್ಕಳನ್ನ ಸ್ಟೇಷನ್ ಹತ್ತಿರ ನೀವೂ ನೋಡಿರ್ತೀರಿ. ಅದರಲ್ಲಿ ಮೊದಲ ಸಲವೇ ಹೃದಯ ನಿಂತು ಹೋಗಬಹುದು.

ಗಾಂಜಾ ವಿಷಯ ಬಂದಾಗ ನಮ್ಮ ಹುಡುಗರು ವಾದಕ್ಕೆ ನಿಲ್ತಾರೆ. "ಅದು ಗಿಡ ಸ್ವಾಮಿ, ನ್ಯಾಚುರಲ್. ಶಿವನೇ ಸೇದ್ತಾನೆ, ಅಯ್ಯಪ್ಪ ಹರಿಹರಸುತ ತಾನೇ?" ಉಮ್ಮತ್ತಿಯೂ ಗಿಡವೇ, ಅದನ್ನ ತಿಂದವರು ಆಸ್ಪತ್ರೆ ಸೇರ್ತಾರೆ. ಶಿವನ ಹೆಸರು ಹೇಳೋರು ಹಾಲಾಹಲದ ಕಥೆಯನ್ನೂ ನೆನೆಸಿಕೊಳ್ಳಲಿ. ಅವನು ವಿಷವನ್ನ ಕಂಠದಲ್ಲೇ ತಡೆದ, ಒಳಗೆ ಇಳಿಸಲಿಲ್ಲ. ಗಾಂಜಾದಿಂದ ನೆನಪು, ಗಮನ, ಹೊತ್ತಿನ ಅಂದಾಜು ತಪ್ಪುತ್ತೆ, ಕೆಲವರಿಗೆ ವಿಪರೀತ ಭಯ. ಮನೆತನದಲ್ಲಿ ಮಾನಸಿಕ ಕಾಯಿಲೆ ಇರೋ ಹುಡುಗರಿಗೆ ಇದು ಸೈಕೋಸಿಸ್‌ನ ಬಾಗಿಲು ತೆಗೆಯಬಹುದು, ಚಿಕ್ಕ ವಯಸ್ಸಲ್ಲಿ ಶುರು ಮಾಡಿದಷ್ಟೂ ಅಪಾಯ ಜಾಸ್ತಿ. ಬಿಟ್ಟಾಗ ಮೈ ಅಷ್ಟು ನಡುಗಲ್ಲ, ಹಾಗಾಗಿ "ಇದಕ್ಕೆ ಅಡಿಕ್ಷನ್ನೇ ಇಲ್ಲ" ಅಂತಾರೆ. ನಿದ್ದೆ ಬರದೆ, ಊಟ ಸೇರದೆ, ಸಿಡಿಸಿಡಿ ಅನ್ನೋ ಎರಡು ವಾರ ಅವರಿಗೂ ಗೊತ್ತು, ಹೇಳಲ್ಲ ಅಷ್ಟೇ.

ಈಗ ನನ್ನ ಪ್ರಶ್ನೆಗೆ ಬರ್ತೀನಿ. ವ್ರತ ಮುರಿಯೋದು ಅಂದರೆ ಯಾವಾಗ?

ಆಸ್ಪತ್ರೆಯಲ್ಲಿ ಅವರಿಗೆ ನಡುಕ, ಫಿಟ್ಸ್ ತಡೆಯೋ ಮಾತ್ರೆ ಕೊಟ್ಟು, ದಿನದಿಂದ ದಿನಕ್ಕೆ ಡೋಸ್ ಇಳಿಸ್ತಾ ಬಂದರು. ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟರು. ವಾರದ ನಂತರ ಮನೆಗೆ ಬಂದರು. ಆಗ ನಮ್ಮ ತಂಡದಲ್ಲಿ ಚರ್ಚೆ ಶುರು. ಆಸ್ಪತ್ರೆಯಲ್ಲಿ ಮಾಲೆ ತೆಗೆದಿಟ್ಟಿದ್ದರು. ಮಾತ್ರೆಯೂ ಒಂಥರ ನಶೆಯೇ. ಮಲಗಿದ್ದಾಗ ಎರಡು ಹೊತ್ತು ಸ್ನಾನ ಇಲ್ಲ, ಶರಣು ಕರೆದಿಲ್ಲ. ಮುಂದಿನ ವರ್ಷ ಬರಲಿ ಅಂದರು ಕೆಲವರು. ಗುರುಸ್ವಾಮಿ ಜಾಸ್ತಿ ಮಾತಾಡಲ್ಲ. "ಅವನು ಏನು ಬಿಡ್ತೀನಿ ಅಂದಿದ್ದ, ಅದನ್ನ ಬಿಟ್ಟಿದ್ದಾನಾ?" ಅಂತ ಕೇಳಿದರು. ಬಿಟ್ಟಿದ್ದಾರೆ ಅಂದೆವು. ಮತ್ತೆ ಅವರೇ ಮಾಲೆ ಹಾಕಿದರು.

ನಾನು ಅದನ್ನ ತುಂಬಾ ದಿನ ಯೋಚನೆ ಮಾಡಿದೆ. ತಪ್ಪು ಅನ್ನಬೇಕಾದರೆ ಅಲ್ಲಿ ಆಯ್ಕೆ ಇರಬೇಕು. ಮೂರನೇ ದಿನದ ಆ ಮನುಷ್ಯನಿಗೆ ಎಷ್ಟು ಆಯ್ಕೆ ಇತ್ತು? ನಶೆಯ ವಿಚಿತ್ರ ಇರೋದೇ ಇಲ್ಲಿ. ಸಕ್ಕರೆ ಕಾಯಿಲೆ ಬಂದರೆ ಮೈ ಕೆಡುತ್ತೆ, ತೀರ್ಮಾನ ಮಾಡೋ ಮನಸ್ಸು ಬಹುತೇಕ ಸರಿಯಾಗೇ ಇರುತ್ತೆ. ನಶೆ ನೇರವಾಗಿ ಆ ತೀರ್ಮಾನ ಮಾಡೋನನ್ನೇ ಹಿಡಿಯುತ್ತೆ. ಸಂಕಲ್ಪ ಮಾಡಬೇಕಾದ ಮೆದುಳೇ ಅದರ ಕೈಯಲ್ಲಿ. ನಮ್ಮ ಕೆಲಸದಲ್ಲಿ ಅಡ್ಮಿನ್ ಪಾಸ್‌ವರ್ಡ್ ಬೇರೆಯವರ ಕೈಗೆ ಹೋದ ಸಿಸ್ಟಮ್‌ಗೆ, "ನೀನೇ ಸರಿ ಮಾಡ್ಕೋ" ಅಂತ ಹೇಳಿದ ಹಾಗೆ ಅದು. ಅಂಥ ಹೊತ್ತಲ್ಲಿ ಒಬ್ಬರು ಸೋತು ಒಂದು ಗ್ಲಾಸ್ ಎತ್ತಿದರೂ ಅದನ್ನ ದೈವದ್ರೋಹ ಅನ್ನೋಕೆ ನನಗೆ ಬಾಯಿ ಬರಲ್ಲ.

ಹಾಗಾದರೆ ಕುಡಿಯೋನಿಗೆ ಹೊಣೆಯೇ ಇಲ್ವಾ ಅಂತ ಕೇಳ್ತೀರಿ. ಇದೆ. ಅದು ಬೇರೆ ದಿನದಲ್ಲಿದೆ. ಮೊದಲ ಸಲ ಗೆಳೆಯರು ಕೊಟ್ಟಾಗ ಇತ್ತು, ಆಮೇಲೆ ವರ್ಷ ವರ್ಷ ಸಣ್ಣದಾಗ್ತಾ ಬಂತು. ಮತ್ತೆ ಅದು ದೊಡ್ಡದಾಗಿ ಕೈಗೆ ಸಿಗೋದು ನಲವತ್ತೊಂದು ದಿನ ಮುಗಿದಾಗ. ಅಷ್ಟು ಹೊತ್ತಿಗೆ ನಡುಕ ನಿಂತಿರುತ್ತೆ, ನಿದ್ದೆ ಬರ್ತಿರುತ್ತೆ. ಆಸೆ ಪೂರ್ತಿ ಸತ್ತಿರಲ್ಲ, ಆದರೆ ಬೇಡ ಅಂದರೆ ಮೈ ತಿರುಗಿ ಹೊಡೆಯಲ್ಲ. ವರ್ಷದಲ್ಲಿ ಮನುಷ್ಯ ಅಷ್ಟು ಸ್ವತಂತ್ರ ಆಗಿರೋ ದಿನ ಇನ್ನೊಂದಿಲ್ಲ. ನಾವು ಮಾಡೋದು ಏನು? ಮೂರನೇ ದಿನ ನಡುಗಿದವರ ಮೇಲೆ ಅನುಮಾನ ಪಡ್ತೀವಿ, ನಲವತ್ತೆರಡನೇ ದಿನಕ್ಕೆ ಬಾಟಲಿ ಬುಕ್ ಮಾಡಿದವರ ಜೊತೆ ನಗ್ತೀವಿ.

ಇದನ್ನ ನಮ್ಮ ಹಿರಿಯ ಸ್ವಾಮಿಯೊಬ್ಬರ ಹತ್ತಿರ ಹೇಳಿದೆ. ಅವರು ಒಪ್ಪಲಿಲ್ಲ. "ನಲವತ್ತೊಂದು ದಿನ ಅಂದರೆ ಕಮ್ಮಿ ಅಲ್ಲಪ್ಪ. ಆ ನಲವತ್ತೊಂದು ರಾತ್ರಿ ಒಬ್ಬಳು ಹೆಂಗಸು ಹೆದರದೆ ಮಲಗಿರ್ತಾಳೆ. ಆಮೇಲೆ ಕುಡೀತಾನೆ ಅಂತ ಅದನ್ನ ಸೊನ್ನೆ ಮಾಡಬೇಡ" ಅಂದರು. ಅವರ ಮಾತು ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಆ ಹೆಂಗಸು ನಲವತ್ತನೇ ರಾತ್ರಿಯೂ ಹೆದರದೆ ಮಲಗಿರ್ತಾಳಾ, ಅಥವಾ ದಿನ ಎಣಿಸ್ತಿರ್ತಾಳಾ?

ನಲವತ್ತೆರಡನೇ ದಿನದ ಇನ್ನೊಂದು ಅಪಾಯ ಇದೆ, ಇದು ಧರ್ಮದ ಮಾತಲ್ಲ, ಲೆಕ್ಕದ ಮಾತು. ಹೆರಾಯಿನ್, ಬ್ರೌನ್ ಶುಗರ್, ಕೆಲವು ನೋವಿನ ಮಾತ್ರೆ, ಕೊಡೀನ್ ಇರೋ ಕೆಮ್ಮಿನ ಸಿರಪ್, ಇವೆಲ್ಲ ಅಫೀಮಿನ ಬಳಗ. ಬಿಟ್ಟಾಗ ಮೂಗು ಸೋರುತ್ತೆ, ಮೈಕೈ ಮುರಿದ ಹಾಗೆ ನೋವು, ವಾಂತಿ, ಭೇದಿ. ನರಕ ಅಂತಾರೆ, ಆದರೆ ಆರೋಗ್ಯವಂತರಿಗೆ ಸಾಮಾನ್ಯವಾಗಿ ಅದರಿಂದ ಸಾವಿಲ್ಲ. ಸಾವಿರೋದು ವಾಪಸ್ ಹೋದಾಗ. ಕೆಲವು ವಾರ ಬಿಟ್ಟ ಮೈಗೆ ಹಳೇ ತಾಳಿಕೆ ಇರಲ್ಲ. ಮೊದಲು ತಗೊಳ್ತಿದ್ದಷ್ಟೇ ತಗೊಂಡರೂ ಉಸಿರಾಟ ನಿಲ್ಲಬಹುದು. ಹೆಂಡದಲ್ಲೂ "ಇಷ್ಟು ದಿನದ ಬಾಕಿ ತೀರಿಸೋಣ" ಅಂತ ಒಂದೇ ಕೂತಲ್ಲಿ ಕುಡಿಯೋದು ಅದೇ ಲೆಕ್ಕ.

ಈ ಸಲ ಮಾಲೆ ಹಾಕೋ ಹುಡುಗರಿಗೆ ಎರಡು ಮಾತು. ದಿನಾ ಕುಡಿಯೋರು, ಅದರಲ್ಲೂ ಬೆಳಗ್ಗೆ ಕುಡಿದರೆ ಮಾತ್ರ ಕೈ ನಿಲ್ಲೋರು, ಮಾಲೆಗೆ ಎರಡು ವಾರ ಮೊದಲೇ ಡಾಕ್ಟರ್ ಹತ್ತಿರ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರ ಇದೆ, ಪುಣೆಯಲ್ಲಿ 1986ರಿಂದ ಮುಕ್ತಾಂಗಣ ಇದೆ, ದೊಡ್ಡ ಸರ್ಕಾರಿ ಆಸ್ಪತ್ರೆಗಳ ಮಾನಸಿಕ ವಿಭಾಗದಲ್ಲೂ ನೋಡ್ತಾರೆ. ಕೇಂದ್ರ ಸರ್ಕಾರದ ಸಹಾಯವಾಣಿ 14446, ದುಡ್ಡಿಲ್ಲ. ಪೊಲೀಸ್ ಭಯಕ್ಕೆ ಚಿಕಿತ್ಸೆಗೆ ಹೋಗದವರೂ ಇದ್ದಾರೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಅಂತ ಒಂದು ಸೆಕ್ಷನ್ ಇದೆ, ಸಣ್ಣ ಪ್ರಮಾಣದ ಕೇಸಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಹೋದರೆ ರಕ್ಷಣೆ ಕೊಡೋಕೆ. ಇನ್ನೊಂದು, ಫಿಟ್ಸ್, ಬಿಪಿ, ಡಿಪ್ರೆಶನ್‌ಗೆ ಡಾಕ್ಟರ್ ಕೊಟ್ಟ ಮಾತ್ರೆಯನ್ನ "ವ್ರತ" ಅಂತ ಬಿಡಬೇಡಿ. ಅದನ್ನ ಬಿಡಿ ಅಂತ ಯಾವ ಗುರುಸ್ವಾಮಿಯೂ ಹೇಳಿದ್ದು ನಾನು ಕೇಳಿಲ್ಲ.

ಆ ಕನ್ನಿಸ್ವಾಮಿ ನಮ್ಮ ಜೊತೆ ನೀಲಿಮಲೆ ಹತ್ತಿದರು. ಅಪ್ಪಾಚಿಮೇಡು ಹತ್ತಿರ ಮೂರು ಸಲ ಕೂತರು, ನಾನು ಎರಡು ಸಲ. ಹದಿನೆಂಟು ಮೆಟ್ಟಿಲು ಹತ್ತಿದ ಮೇಲೆ ಅಲ್ಲಿ "ತತ್ತ್ವಮಸಿ" ಬರೆದಿರೋದನ್ನ ತೋರಿಸಿ ಏನು ಅರ್ಥ ಅಂತ ಕೇಳಿದರು. ಅದು ನೀನೇ ಅಂತ ಅರ್ಥ ಅಂದೆ. ಜನ ತಳ್ತಾ ಇದ್ದರು, ಅವರು ಏನೋ ಹೇಳಿದ್ದು ಕೇಳಿಸಲಿಲ್ಲ.

ವಾಪಸ್ ಬಂದು ಗುರುಸ್ವಾಮಿ ಮನೇಲಿ ಮಾಲೆ ತೆಗೆದೆವು. ಹೊರಗೆ ಬಂದಾಗ ಸಂಜೆ ಏಳು. ಎಡಗಡೆ ಹೋದರೆ ಸ್ಟೇಷನ್ ಐದು ನಿಮಿಷ, ದಾರಿಯಲ್ಲಿ ಬಾರ್ ಇದೆ. ಅವರು ನನ್ನ ಕೈ ಹಿಡಿದು, "ಬಲಗಡೆಯಿಂದ ಹೋಗೋಣ ಬರ್ತೀರಾ?" ಅಂದರು. ಇಪ್ಪತ್ತು ನಿಮಿಷ ಸುತ್ತಿ ಹೋದೆವು. ಈಗ ಹತ್ತು ತಿಂಗಳಾಯ್ತು, ಮಧ್ಯೆ ಒಂದು ಸಲ ಜಾರಿದರು, ಮಾರನೇ ದಿನವೇ ಆಸ್ಪತ್ರೆಗೆ ಹೋದರು, ಮತ್ತೆ ನಿಲ್ಲಿಸಿದ್ದಾರೆ.

ನಾನು ಆ ಸಂಜೆ ಸೇದಲಿಲ್ಲ. ಹದಿಮೂರನೇ ದಿನ ಸೇದಿದೆ. ಈಗ ಮತ್ತೆ ಬಿಟ್ಟು ನಾಲ್ಕು ತಿಂಗಳು. ಈ ಸಲ ನಲವತ್ತೆರಡನೇ ದಿನ ಬಲಗಡೆ ದಾರಿಯಲ್ಲಿ ನಡೆಯೋಕೆ ಯಾರಿಗಾದರೂ ಜೊತೆ ಬೇಕಿದ್ದರೆ ಗ್ರೂಪಲ್ಲಿ ಹಾಕಬೇಡಿ, ನನಗೊಂದು ಪರ್ಸನಲ್ ಮೆಸೇಜ್ ಮಾಡಿ. ನೈಟ್ ಶಿಫ್ಟ್ ಇರುತ್ತೆ, ಎದ್ದೇ ಇರ್ತೀನಿ.

ಸ್ವಾಮಿ ಶರಣಂ.